ಗುಂಜಿಗೆ ಹೋಗಿ ಬಂದ ತೊಟ್ಟಿಲು

ದಾವಣಗೆರೆಯಿಂದ ರಾತ್ರಿ ಹೊರಟ ರೈಲು ಲೋಂಡಾ ದಾಟಿದಾಗ ಬೆಳಕು ಹರಿಯುತ್ತಿತ್ತು. ಹೊರಗೆ ನವೆಂಬರ್ ತಿಂಗಳ ಮಂಜು. ಕೊಯ್ದ ಭತ್ತದ ಗದ್ದೆಗಳು, ಅವುಗಳ ಆಚೆ ಕಾಡಿನ ಕಪ್ಪು ಗೆರೆ, ನಡುವೆ ಹಳದಿ ಫಲಕದ ಒಂದು ಸಣ್ಣ ನಿಲ್ದಾಣ. ಗುಂಜಿ ಎಂಬ ಹೆಸರು ಓದುವಷ್ಟರಲ್ಲಿ ನಿಲ್ದಾಣ ಹಿಂದೆ ಸರಿಯಿತು. ನಮ್ಮ ರೈಲಿಗೆ ಅಲ್ಲಿ ನಿಲುಗಡೆ ಇರಲಿಲ್ಲ. ಖಾನಾಪುರದಲ್ಲಿ ಹಾಲಿನ ಕ್ಯಾನು ಹಿಡಿದ ನಾಲ್ಕು ಜನ ಹತ್ತಿದರು. ಬೆಳಗಾವಿ ತಲುಪಿದಾಗ ಬಿಸಿಲು ಬಂದಿತ್ತು, ಚಳಿ ಹೋಗಿರಲಿಲ್ಲ.

ನಾನು ಹೋದದ್ದು ಪೀಠೋಪಕರಣ ನೋಡಲು. ನಮ್ಮ ಪತ್ರಿಕೆಯ ಭಾನುವಾರದ ಪುಟಕ್ಕೆ ಒಂದು ಬರಹ ಬೇಕಿತ್ತು. ಬೆಳಗಾವಿಯ ಅಂಚಿನ ಪೀರನವಾಡಿಯಲ್ಲಿ ಪದ್ಮಜಾ ಎಂಬವರು ಈ ಸೀಮೆಯ ಹಳೆಯ ಮನೆಬಳಕೆಯ ವಸ್ತುಗಳನ್ನು ಆಧರಿಸಿ ಬೆಂಚು, ಮಣೆ, ದೀಪ, ಕಪಾಟು ಮಾಡುತ್ತಾರೆಂದು ಕೇಳಿದ್ದೆ. ಎರಡು ದಿನ ಇದ್ದು, ನೋಡಿ, ಬರೆದುಕೊಂಡು ಬರುವುದೆಂದು ಹೊರಟಿದ್ದೆ. ಬರೆದುಕೊಂಡು ಬಂದದ್ದು ಮುಖ್ಯವಾಗಿ ಒಂದು ತೊಟ್ಟಿಲಿನ ವಿಷಯ.

ನಿಲ್ದಾಣದ ಎದುರು ಅವಲಕ್ಕಿ, ಚಹಾ ಮುಗಿಸಿ ಆಟೋ ಹತ್ತಿದೆ. ಚಾಲಕ ಇನ್ನೂರು ಕೇಳಿ ನೂರಾ ಐವತ್ತಕ್ಕೆ ಇಳಿದರು. ಪೀರನವಾಡಿ ಖಾನಾಪುರ ರಸ್ತೆಯಲ್ಲೇ ಇದೆ. ಹೊಸ ಮನೆಗಳು ಏಳುತ್ತಿರುವ ಬೀದಿಯ ಕೊನೆಯಲ್ಲಿ ಹಿಂದೆ ಅಕ್ಕಿ ಗಿರಣಿಯಾಗಿದ್ದ ಒಂದು ಶೆಡ್ಡು. ಬಾಗಿಲಲ್ಲಿ ಕಟ್ಟಿಗೆಯ ಪುಡಿ ಕೊಡವಿಕೊಳ್ಳುತ್ತ ನಿಂತಿದ್ದವರೇ ಪದ್ಮಜಾ. ಐವತ್ತೈದರ ಆಸುಪಾಸಿನವರು. ಹೆಗಲ ಮೇಲೆ ಅಳತೆ ಟೇಪು, ಕನ್ನಡಕ ನೆತ್ತಿಯ ಮೇಲೆ.

"ಬರ್ರಿ, ಬರ್ರಿ. ಕುಂದರ್ರಿ. ಆದ್ರ ನೋಡಿ ಕುಂದರ್ರಿ, ಕೆಲವಕ್ಕ ಇನ್ನ ಕಾಲ ಹಚ್ಚಿಲ್ಲ" ಅಂದರು.

ಕೂತದ್ದು ಹೊರಸಿನ ಬೆಂಚಿನ ಮೇಲೆ. ಈ ಭಾಗದಲ್ಲಿ ಹಗ್ಗ ಹೆಣೆದ ಮಂಚಕ್ಕೆ ಹೊರಸು ಅನ್ನುತ್ತಾರೆ. ಅದೇ ಹೆಣಿಗೆಯನ್ನು ಮೂರು ಜನ ಕೂರುವ ಬೆಂಚಿಗೆ ತಂದಿದ್ದರು. ಪಕ್ಕದಲ್ಲಿ ರೊಟ್ಟಿ ಹಿಟ್ಟು ನಾದುವ ಮರದ ತಟ್ಟೆಯ ಆಕಾರದ ಮೇಜು, ಮೊರವನ್ನು ಬೋರಲು ಹಾಕಿದಂತಹ ದೀಪದ ಮುಚ್ಚಳ, ಅಡಕಲ ಗಡಿಗೆಗಳ ಹಾಗೆ ಒಂದರ ಮೇಲೊಂದು ಕೂರುವ ಖಾನಾಪುರದ ಮಣ್ಣಿನ ಡಬ್ಬಿಗಳು. ಬೆಣ್ಣೆ ಗಡಿಗೆ ತೂಗುಹಾಕುವ ನೆಲುವು ಇಲ್ಲಿ ಪುಸ್ತಕದ ಕಪಾಟಾಗಿತ್ತು. ಅಲಂಕಾರಕ್ಕೆ ಮಾತ್ರ ಇಟ್ಟ ವಸ್ತು ಒಂದೂ ಕಾಣಲಿಲ್ಲ. ಹಾಗೆಂದು ಹೇಳಿದೆ.

"ನೊಗಾ ತಂದು ಗ್ವಾಡಿಗೆ ಹಚ್ಚಿಕೊಡ್ರಿ ಅಂತ ಹೋಟೆಲ್‌ನವರು ಬರ್ತಾರ. ನಾ ಒಲ್ಲೆ ಅಂತೀನಿ. ದುಡದ ಸಾಮಾನಾ ನೇತು ಹಾಕೂದು ನನಗ ಸೇರಂಗಿಲ್ಲ. ದುಡಿಯೂ ಸಾಮಾನಾ ಬೇಕಾದ್ರ ಮಾಡಿಕೊಡ್ತೀನಿ."

"ಮ್ಯಾಡಂಗ ನೊಗಾ ಅಂದ್ರ ಸಿಟ್ಟು" ಎಂದರು ಹಿಂದಿನಿಂದ ಒಬ್ಬರು. ಅವರು ಇಮ್ತಿಯಾಜ್, ಪದ್ಮಜಾ ಅವರ ಪಾಲುದಾರ ಬಡಗಿ. "ಆ ಹೋಟೆಲ್‌ನವರು ಹೋಗುವಾಗ ನನ್ನ ಕಿವ್ಯಾಗ ಅಂದ್ರು, ಇಮ್ತಿಯಾಜಭಾಯ್, ನೊಗಾ ನಿಮ್ಮ ಹೆಗಲ ಮ್ಯಾಲೇ ಐತಲ್ಲ ಅಂತ."

"ಇದ್ರ ಚುಲೋ. ಅಷ್ಟರ ನೆಟ್ಟಗ ನಡೀತೀಯಲ್ಲ" ಎಂದರು ಪದ್ಮಜಾ.

ಶೆಡ್ಡಿನ ಮೂಲೆಯಲ್ಲಿ ತಾಡಪಾಲು ಮುಚ್ಚಿದ ಒಂದು ವಸ್ತು ಇತ್ತು. ನಾನು ಅತ್ತ ಹೋದೆ. ತಾಡಪಾಲಿನ ಒಂದು ತುದಿ ಮೇಲೆದ್ದಿತ್ತು. ಒಳಗೆ ತೊಟ್ಟಿಲು. ಹಲಸಿನ ಕಟ್ಟಿಗೆ, ತುಂಬ ನಯವಾದ ಕೆಲಸ, ತೂಗುಹಾಕಲು ತೊಲೆಯ ಬದಲು ತನ್ನದೇ ಆದ ಕಾಲುಗಳ ನಿಲುವು. ಬೆರಳಿನಿಂದ ಮುಟ್ಟಿದೆ. ಚೂರೂ ಸದ್ದಿಲ್ಲದೆ ತೂಗಿತು.

"ಅದನ್ನ ಬರೀಬ್ಯಾಡ್ರಿ" ಎಂದರು ಪದ್ಮಜಾ. ತಾಡಪಾಲನ್ನು ಮತ್ತೆ ಎಳೆದು ಮುಚ್ಚಿದರು.

ಕಾರಣ ಗೊತ್ತಾದದ್ದು ಸಂಜೆ. ಊಟಕ್ಕೆ ಮನೆಗೇ ಬರಬೇಕೆಂದು ಪದ್ಮಜಾ ಹೇಳಿದ್ದರು. ಅವರದು ಜೈನ ಮನೆ. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು. ಟಿಳಕವಾಡಿಯ ಒಂದು ಕಟ್ಟಡದ ಮೂರನೇ ಅಂತಸ್ತಿಗೆ ಐದೂವರೆಗೆ ತಲುಪಿದೆವು. ಚಪಾತಿ, ಹೆಸರುಕಾಳಿನ ಪಲ್ಯ, ಅನ್ನ, ಮೊಸರು. ಬಡಿಸಿದವರು ಪದ್ಮಜಾ. ಎದುರಿನ ಮಣೆಯ ಮೇಲೆ ಅವರ ತಾಯಿ ಚಂಪಾಬಾಯಿ ಕೂತಿದ್ದರು. ಎಂಬತ್ತು ದಾಟಿದವರು. ಕಣ್ಣಿಗೆ ಪೊರೆ ಬಂದಿದೆ. ತಟ್ಟೆ, ಲೋಟ, ಎದುರು ಕೂತವರ ಕೈ, ಎಲ್ಲವನ್ನೂ ಬೆರಳಿನಲ್ಲೇ ನೋಡುತ್ತಾರೆ.

ಆ ಮನೆಯಲ್ಲಿ ಎಲ್ಲರೂ ಮರುದಿನಕ್ಕಾಗಿ ಕಾಯುತ್ತಿದ್ದರು. ಪದ್ಮಜಾ ಅವರ ಮಗಳು ಸ್ಮಿತಾಗೆ ಹೆಣ್ಣುಮಗು ಹುಟ್ಟಿತ್ತು, ತಿಂಗಳು ತುಂಬುವ ಬಹಳ ಮೊದಲೇ. ಐದು ವಾರ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು. ಈಗ ತೂಕ ಬಂದಿದೆ, ನಾಳೆ ಸಂಜೆ ಕರೆದುಕೊಂಡು ಹೋಗಿ ಎಂದು ವೈದ್ಯರು ಹೇಳಿದ್ದರು. ಮಗು ಮಲಗುವುದು ಎಲ್ಲಿ ಎನ್ನುವುದೊಂದೇ ಉಳಿದಿತ್ತು.

"ತೊಟ್ಲಾ ಬಂತೇನ?" ಎಂದು ಚಂಪಾಬಾಯಿ ಕೇಳಿದರು.

"ನಾಳೆ ಹೋಗಿ ತರ್ತೀನಿ ಅವ್ವಾ."

"ಎಲ್ಲಿಂದ?"

"ನಂದಗಡದಿಂದ. ನಿನ್ನ ತವರಮನಿ ತೊಟ್ಲಾನ."

ಮುದುಕಿ ತಲೆಯಾಡಿಸಿ ನನ್ನ ಕಡೆ ತಿರುಗಿದರು. ಹೊಸಬರಿಗೆ ವಿವರಿಸಬೇಕೆಂದು ಅವರಿಗೇ ಅನಿಸಿರಬೇಕು. ಅವರ ಕಡೆ ತೊಟ್ಟಿಲನ್ನು ಕೊಳ್ಳುವುದಿಲ್ಲ. ಊರಿಗೆ, ಬಳಗಕ್ಕೆ ಒಂದು ತೊಟ್ಟಿಲು ಇರುತ್ತದೆ, ಅದು ಮನೆಯಿಂದ ಮನೆಗೆ ಹೋಗುತ್ತದೆ. ಬೇಕಾದವರು ಖುದ್ದಾಗಿ ಹೋಗಿ ಕೇಳಬೇಕು, ಫೋನಿನಲ್ಲಿ ಕೇಳುವ ಹಾಗಿಲ್ಲ. ಬರಿಗೈಯಲ್ಲೂ ಹೋಗುವ ಹಾಗಿಲ್ಲ. ನಂದಗಡದ ಆ ತೊಟ್ಟಿಲಲ್ಲಿ ಚಂಪಾಬಾಯಿ ಮಲಗಿದ್ದರು, ಪದ್ಮಜಾ ಮಲಗಿದ್ದರು, ಸ್ಮಿತಾ ಮಲಗಿದ್ದಳು.

"ಪದ್ಮಾನಕಿಂತ ಮೊದಲ ನನಗ ಒಂದು ಗಂಡು ಹುಟ್ಟಿತ್ತು" ಎಂದರು. "ನಮ್ಮ ಮಾಂವನವರು ಹುರುಪಿಲೆ ಹೊಸಾ ತೊಟ್ಲಾ ಮಾಡಿಸಿ ತಂದ್ರು. ಬಣ್ಣಾ, ಗಿಣಿ, ಗೆಜ್ಜಿ. ಆ ಕೂಸು ಉಳೀಲಿಲ್ಲ. ಹೊಸಾ ಕಟ್ಟಿಗಿಗೆ ಕೂಸಿನ ಗುರ್ತ ಇರಂಗಿಲ್ಲವಾ. ಈ ಕೂಸ ಮೊದಲ ಸಣ್ಣದು."

ಅವರು ಅತ್ತು ಹೇಳಲಿಲ್ಲ. ಹೇಳಿ ಮೊಸರು ಕಲಸಿಕೊಂಡರು.

ಕೆಳಗಿಳಿಯುವಾಗ ಮೆಟ್ಟಿಲಲ್ಲಿ ಪದ್ಮಜಾ ನಿಂತರು. ಶೆಡ್ಡಿನಲ್ಲಿ ನಾನು ಕಂಡ ತೊಟ್ಟಿಲನ್ನು ಅವರು ಮೊಮ್ಮಗುವಿಗೆಂದೇ ಮಾಡಿದ್ದರು, ಅದೂ ಮಗು ಹುಟ್ಟುವ ಮೊದಲು. ಮನೆಯಲ್ಲಿ ತೊಲೆ ಇಲ್ಲ, ಕೊಂಡಿ ಇಲ್ಲ, ಹಳೆಯ ತೊಟ್ಟಿಲು ತೂಗುಹಾಕಲು ಬರುವುದಿಲ್ಲ ಎಂದು ನಿಲುವಿನ ಸಮೇತ ಮಾಡಿದ್ದರು. ಹುಟ್ಟುವ ಮೊದಲು ತೊಟ್ಟಿಲು ತರಬಾರದೆನ್ನುವುದು ಅವರಿಗೂ ಗೊತ್ತಿತ್ತು.

"ನಾ ತಂದಿಲ್ಲ, ಮಾಡೇನಿ ಅಂತ ನನಗ ನಾನ ಸಮಾಧಾನ ಹೇಳಿಕೊಂಡಿದ್ದೆ. ಪಾಲೀಶ್ ಹಚ್ಚಿ ಮುಗಸಿದ ವಾರದಾಗ ಸ್ಮಿತಾನ್ನ ಆಸ್ಪತ್ರಿಗೆ ಒಯ್ದ್ವಿ. ವಿಚಾರ ಮಾಡಿ ನೋಡಿದ್ರ ಅದಕ್ಕೂ ಇದಕ್ಕೂ ಸಂಬಂಧ ಇಲ್ರೀ. ಆದ್ರ ವಿಚಾರ ಮಾಡಾಕ ಮನಸ್ಸು ಬಿಡಬೇಕಲ್ಲ."

ಮಾರನೇ ದಿನದ ಯೋಜನೆ ಸರಳವಾಗಿತ್ತು. ನಂದಗಡದಿಂದ ಹಳೆಯ ತೊಟ್ಟಿಲು ತರುವುದು, ಅದನ್ನು ಹೊಸ ನಿಲುವಿಗೆ ತೂಗುಹಾಕುವುದು, ಸಂಜೆ ಐದರೊಳಗೆ ಮನೆಯಲ್ಲಿ ಇಡುವುದು. ಹಳೆಯ ಸರಪಳಿ ಹೊಸ ಕೊಂಡಿಗೆ ಹೊಂದುತ್ತದೋ ಇಲ್ಲವೋ ಅಲ್ಲೇ ನೋಡಬೇಕು. ಹಾಗಾಗಿ ನಿಲುವನ್ನು ಒಯ್ಯಬೇಕು. ನಿಲುವಿನಿಂದ ಹೊಸ ತೊಟ್ಟಿಲನ್ನು ಬಿಚ್ಚಲು ಇಮ್ತಿಯಾಜ್‌ಗೆ ಬೆಳಿಗ್ಗೆ ಪುರುಸೊತ್ತಾಗಲಿಲ್ಲ. ಎರಡನ್ನೂ ಒಟ್ಟಿಗೆ ಟೆಂಪೋಗೆ ಏರಿಸಿದರು.

ಎಂಟು ಗಂಟೆಗೆ ಹೊರಟೆವು. ಮುಂದೆ ನಾವು ಮೂವರು, ಹಿಂದೆ ತೊಟ್ಟಿಲು. ಖಾನಾಪುರಕ್ಕೆ ಇಪ್ಪತ್ತೈದು ಕಿಲೋಮೀಟರ್ ಚಿಲ್ಲರೆ. ರಸ್ತೆ ಅಗಲವಾಗಿದೆ, ಅಲ್ಲಲ್ಲಿ ಕೆಲಸ ಇನ್ನೂ ನಡೆದಿದೆ. ಖಾನಾಪುರದಲ್ಲಿ ಮಿರ್ಚಿಭಜಿ, ಚಹಾ. ಪಕ್ಕದ ಓಣಿಯಲ್ಲಿ ಪದ್ಮಜಾ ಅವರ ಡಬ್ಬಿಗಳನ್ನು ಮಾಡುವ ಕುಂಬಾರರ ಅಂಗಳ. ಒಣಗಲು ಇಟ್ಟ ಮಣ್ಣಿನ ಮುಚ್ಚಳಗಳು ಸಾಲಾಗಿ ಬಿಸಿಲಿಗೆ ಕೂತಿದ್ದವು. ಇನ್ನೊಂದು ದಿನವಾಗಿದ್ದರೆ ನಾನು ಅಲ್ಲೇ ಅರ್ಧ ದಿನ ಕಳೆಯುತ್ತಿದ್ದೆ. ಅಂದು ಹತ್ತು ನಿಮಿಷ ನಿಂತು ಹೊರಟೆವು. ಪೇಟೆಯಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಕುಪ್ಪಸದ ಖಣ ಕಟ್ಟಿಸಿಕೊಂಡೆವು. ಅಂಗಡಿಯವರು ಕನ್ನಡದಲ್ಲಿ ಬೆಲೆ ಹೇಳಿ ಮರಾಠಿಯಲ್ಲಿ ಚೌಕಾಸಿ ಮಾಡಿದರು.

ನಂದಗಡದಲ್ಲಿ ಸಂತೆಯ ದಿನ. ಟೆಂಪೋ ಸಂದಿಯಲ್ಲಿ ನಿಲ್ಲಿಸಿ ನಡೆದೆವು. ಚಂಪಾಬಾಯಿಯವರ ತವರಿನಲ್ಲಿ ಈಗ ಅವರ ತಮ್ಮನ ಸೊಸೆ ಇದ್ದಾರೆ. ಸಂತೆಯ ಮೆಣಸಿನಕಾಯಿ ಬಿಸಿಲಿಗೆ ಹರವುತ್ತಿದ್ದವರು ಪದ್ಮಜಾರನ್ನು ಕಂಡು ಎದ್ದು ಬಂದರು. ಕೂಸಿನ ಸುದ್ದಿ ಕೇಳಿ ಕೈಮುಗಿದರು. ತೊಟ್ಟಿಲಿನ ವಿಷಯ ಬಂದ ಕೂಡಲೇ ಹಣೆ ಬಡಿದುಕೊಂಡರು.

"ಅಯ್ಯ, ಅದು ಗುಂಜಿಗೆ ಹೋಗೈತಲ್ಲ! ನಮ್ಮ ಹೊಲದ ಬಾಜು ಹೊಲದವರು, ಸುಮನಬಾಯಿ, ಅವರ ಮೊಮ್ಮಗಗ. ಒಂದು ಫೋನ್ ಮಾಡಿದ್ರ ಹೇಳ್ತಿದ್ನೆಲ್ಲ ಪದ್ಮಕ್ಕ."

"ಫೋನಿನ್ಯಾಗ ಕೇಳಬಾರದಲ್ಲವಾ."

"ತೊಟ್ಲಾ ಕೇಳಬಾರದು ಖರೇ. ನಾವು ಮನ್ಯಾಗ ಅದೀವೇನು ಅಂತರ ಕೇಳಬಹುದಿತ್ತು."

ಇಮ್ತಿಯಾಜ್ ನಕ್ಕರು, ಪದ್ಮಜಾ ನಗಲಿಲ್ಲ. ಹನ್ನೊಂದು ಗಂಟೆಯಾಗಿತ್ತು.

ಗುಂಜಿಯ ಹಾದಿ ಖಾನಾಪುರದಿಂದ ಲೋಂಡಾ ಕಡೆಗೆ. ಕಾಡು ಹತ್ತಿರ ಬಂದಂತೆ ಗಾಳಿ ತಣ್ಣಗಾಯಿತು. ಹಿಂದಿನ ಬೆಳಿಗ್ಗೆ ಮಂಜಿನಲ್ಲಿ ಕಂಡಿದ್ದ ಅದೇ ಹಳದಿ ಫಲಕ. ಹಳಿಯಿಂದ ಕೂಗಳತೆಯಲ್ಲಿ ಸುಮನಬಾಯಿಯವರ ಹೆಂಚಿನ ಮನೆ. ಅಂಗಳದಲ್ಲಿ ಹುಲ್ಲಿನ ಬಣವೆ, ಒಂದು ಎಮ್ಮೆ, ಕೋಳಿಗಳು.

"ಯಾ, ಯಾ. ಬಸಾ. ಕುಂದರ್ರಿ" ಎಂದು ಸುಮನಬಾಯಿ ಮರಾಠಿ, ಕನ್ನಡ ಎರಡೂ ಭಾಷೆಯಲ್ಲಿ ಕೂರಿಸಿದರು. ಅರವತ್ತರ ಗಟ್ಟಿ ಹೆಂಗಸು. ಅವರ ಸೊಸೆ ಮನೀಷಾ ಹಿತ್ತಲ ಬಾಗಿಲ ಬಳಿ ಗುಂಡಕಲ್ಲು ಹಿಡಿದು ಚಟ್ನಿ ಅರೆಯುತ್ತಿದ್ದಳು. ಪಡಸಾಲೆಯ ತೊಲೆಗೆ ತೊಟ್ಟಿಲು ತೂಗುತ್ತಿತ್ತು.

ಅದನ್ನು ನಾನು ಹತ್ತಿರ ಹೋಗಿ ನೋಡಿದೆ. ಕಟ್ಟಿಗೆ ಕಪ್ಪಾಗಿದೆ. ಮೂಲೆಗಳಲ್ಲಿದ್ದ ನಾಲ್ಕು ಗಿಣಿಗಳಲ್ಲಿ ಮೂರಕ್ಕೆ ಕೊಕ್ಕಿಲ್ಲ. ಮೇಲಿನ ಪಟ್ಟಿಯ ಉದ್ದಕ್ಕೂ ಸಣ್ಣ ಸಣ್ಣ ಗುಳಿಗಳು. ಮೊದಲು ಹುಳು ಹಿಡಿದಿದೆ ಅಂದುಕೊಂಡೆ. ಪದ್ಮಜಾ ಹೇಳಿದರು, ಅವೆಲ್ಲ ಹಲ್ಲು ಬರುವ ಕೂಸುಗಳು ಕಚ್ಚಿದ ಗುರುತು. ಒಳಗೆ ಹತ್ತು ತಿಂಗಳ ಓಂಕಾರ ಕಾಲು ಮೇಲೆತ್ತಿ ಆಡುತ್ತಿದ್ದ. ತೊಟ್ಟಿಲು ಖಾಲಿ ಇಲ್ಲ ಎಂಬುದು ಎಲ್ಲರಿಗೂ ಒಟ್ಟಿಗೆ ತಿಳಿಯಿತು.

ಪದ್ಮಜಾ ಉಡಿಯ ಸಾಮಾನು ಮುಂದಿಟ್ಟು ವಿಷಯ ಹೇಳಿದರು. ಸುಮನಬಾಯಿ ಓಂಕಾರನ ಕಡೆ ನೋಡಿದರು.

"ಇಲ್ಲಾ ಅನ್ನಾಕ ನನಗ ಬಾಯಿ ಬರವಲ್ದು. ಆದ್ರ ಬಾಳ ತಾನ ಉಂಬರಾ ದಾಟೂತನಕ ತೊಟ್ಲಾ ಬಿಚ್ಚಂಗಿಲ್ಲರಿ. ಅದು ನಿಮ್ಮವ್ವಗೂ ಗೊತ್ತೈತಿ."

ಬಾಳ ಅಂದರೆ ಕೂಸು, ಉಂಬರಾ ಅಂದರೆ ಹೊಸ್ತಿಲು. ಮಗು ತಾನಾಗಿ ಹೊಸ್ತಿಲು ದಾಟಿದ ದಿನ ತೊಟ್ಟಿಲಿನ ಋಣ ಮುಗಿಯುತ್ತದೆ.

"ಅಂಬೆಗಾಲು ಇಡ್ತಾನೇನು?" ಎಂದರು ಇಮ್ತಿಯಾಜ್.

"ಮನಿ ತುಂಬ. ಉಂಬರಾತನಕ ಹೋಗ್ತಾನ, ವಾಪಸ್ ಬರ್ತಾನ."

ಇಮ್ತಿಯಾಜ್ ಎದ್ದು ಹೊಸ್ತಿಲಾಚೆ ಕೂತರು. ಮನೀಷಾ ಮಗುವನ್ನು ನೆಲಕ್ಕೆ ಬಿಟ್ಟಳು. ಓಂಕಾರ ಸರಸರ ಹೊಸ್ತಿಲ ತನಕ ಬಂದ, ಅದರ ಮೇಲೆ ಎರಡೂ ಅಂಗೈ ಊರಿದ, ಇಮ್ತಿಯಾಜ್ ಅವರನ್ನು ದಿಟ್ಟಿಸಿದ. ಇಮ್ತಿಯಾಜ್ ಟೆಂಪೋದ ಕೀಲಿಕೈ ಗೊಂಚಲು ಝಣಝಣ ಅನ್ನಿಸಿದರು. "ಆಜಾ ಮೇರೆ ಶೇರ್, ಆಜಾ." ಶೇರ್ ಕೂತ, ಹೊಸ್ತಿಲ ಮೇಲಿದ್ದ ಒಂದು ಭತ್ತದ ಕಾಳು ಹೆಕ್ಕಿ ನೋಡಿದ, ತಿರುಗಿ ಒಳಗೆ ಹೊರಟ.

"ಕರದು ದಾಟಸಂಗಿಲ್ಲ ಇಮ್ತಿಯಾಜಭಾವು" ಎಂದರು ಸುಮನಬಾಯಿ. "ನಿಮ್ಮ ಕಿಲ್ಲಿ ಖಿಸೆದಾಗ ಇಡ್ರಿ."

ಊಟಕ್ಕೆ ಏಳಿಸಿದರು. ಅಕ್ಕಿ ರೊಟ್ಟಿ, ಕೋಕಂ ಸಾರು, ಆಗಷ್ಟೇ ಅರೆದ ಹಸಿಮೆಣಸಿನಕಾಯಿ ಕೊಬ್ಬರಿ ಚಟ್ನಿ. ಆ ಚಟ್ನಿಯನ್ನು ನಾನು ಎರಡು ಸಲ ಹಾಕಿಸಿಕೊಂಡೆ. ಪದ್ಮಜಾ ಅರ್ಧ ರೊಟ್ಟಿ ತಿಂದು ಕೈ ತೊಳೆದರು. ಆಮೇಲೆ, ಯಾರೂ ಕೇಳದಿದ್ದರೂ, ಟೆಂಪೋದಲ್ಲಿರುವ ಹೊಸ ತೊಟ್ಟಿಲಿನ ಕಥೆ ಹೇಳಿದರು. ಮೆಟ್ಟಿಲಲ್ಲಿ ನನಗೆ ಹೇಳಿದ್ದಷ್ಟನ್ನೂ. ತಮ್ಮ ತಾಯಿ ಕಳೆದುಕೊಂಡ ಕೂಸಿನದನ್ನೂ ಮುಚ್ಚಿಡಲಿಲ್ಲ.

ಮನೀಷಾ ಎದ್ದು ಹೊರಗೆ ಹೋಗಿ ಟೆಂಪೋದೊಳಗೆ ಇಣುಕಿದಳು. ಬಂದು, ತೊಲೆಯ ತೊಟ್ಟಿಲು ತೋರಿಸಿ ಕೇಳಿದಳು:

"ನಿಮ್ಮ ಆಯಿಗಿ ಬೇಕಾದದ್ದು ಇದ ತೊಟ್ಲಾ ಏನು, ಕೂಸು ಮಲಗಿ ಎದ್ದ ತೊಟ್ಲಾ ಏನು?"

"ಕೂಸು ಮಲಗಿ ಎದ್ದದ್ದು" ಎಂದರು ಪದ್ಮಜಾ.

"ಹಂಗಾರ ನಮ್ಮವನ್ನ ಅದರಾಗ ಮಲಗಿಸೂಣು. ಮಲಗಿ ಎದ್ದಮ್ಯಾಲ ಅದು ಹೊಸಾದು ಹೆಂಗಾಕ್ಕೈತಿ?"

ಅವಳು ಕೊಡಲು ಮುಂದಾದದ್ದು ತನ್ನ ಮಗನನ್ನೇ, ಅದೂ ಈಗಷ್ಟೇ ಕೇಳಿದ ಕಥೆಯ ನಂತರ. ಬೇಡ ಅನ್ನಲು ಪದ್ಮಜಾ ಕೈ ಎತ್ತಿದರು. ನಾನು ಸುಮನಬಾಯಿಯವರ ಮುಖ ನೋಡಿದೆ. ಅವರು ಮೊಮ್ಮಗನನ್ನು ತೊಡೆಗೆ ಎಳೆದುಕೊಂಡಿದ್ದರು.

"ಇದು ನಂದಗಡದಿಂದ ಬಂದಾಗ," ಎಂದು ಅವರು ಹಳೆಯ ತೊಟ್ಟಿಲಿನ ಕಡೆ ಗದ್ದ ತೋರಿದರು, "ಇದರಾಗ ಯಾರು ಉಳದ್ರು, ಯಾರು ಹೋದ್ರು ಅಂತ ನಾವು ಕೇಳಿದ್ವೇನು? ಇಷ್ಟು ವರ್ಷದಾಗ ಎಲ್ಲಾರೂ ಉಳದಾರೇನು? ಇಳಸ್ರಿ ತೊಟ್ಲಾ."

ಇಮ್ತಿಯಾಜ್ ಹೊಸ ತೊಟ್ಟಿಲನ್ನು ಟೆಂಪೋದಿಂದ ಇಳಿಸಿ ತಂದು ಪಡಸಾಲೆಯ ನಡುವೆ ನಿಲ್ಲಿಸಿದರು. ಸುಮನಬಾಯಿ ಒಳಗೆ ಇಣುಕಿದರು.

"ಖಾಲಿ ತೊಟ್ಲಾ ತಂದ್ರಿ? ಹಾದ್ಯಾಗ?"

"ಖಾಲಿ ಎಲ್ಲಿ ಆಯಿ? ನನ್ನ ಸ್ಪ್ಯಾನರ್, ಡ್ರಿಲ್ಲು ಎಲ್ಲಾ ಮಲಗ್ಯಾವಲ್ಲ."

ಸ್ಪ್ಯಾನರುಗಳನ್ನು ಎಬ್ಬಿಸಿ ಕೌದಿ ಹಾಸಿ ಓಂಕಾರನನ್ನು ಮಲಗಿಸಿದರು. ಅವನಿಗೆ ಹೊಸ ಜಾಗ ಹಿಡಿಸಿತು. ಎದ್ದು ನಿಂತ. ಪಟ್ಟಿ ಹಿಡಿದು ಕುಣಿದ, ಅದಕ್ಕೆ ಬಾಯಿ ಹಚ್ಚಿ ಜೊಲ್ಲು ಸುರಿಸಿದ, ನಮ್ಮೆಲ್ಲರನ್ನೂ ನೋಡಿ ನಕ್ಕ. ಮನೀಷಾ ಮಲಗಿಸಿದಳು, ತೂಗಿದಳು. ಮತ್ತೆ ಎದ್ದ. ಒಂದೂವರೆಯಾಯಿತು. ಇಮ್ತಿಯಾಜ್ ತಮ್ಮ ಮಕ್ಕಳನ್ನು ಮಲಗಿಸುತ್ತಿದ್ದ ಒಂದು ಹಾಡು ಗುನುಗಿದರು.

"ನೀವು ಹೊರಗ ಹೋಗ್ರಿ" ಎಂದರು ಸುಮನಬಾಯಿ. "ನಿಮ್ಮ ಹಾಡಿಗೆ ಮಲಗಿದ ಎಮ್ಮಿನೂ ಎದ್ದು ಕುಂತಿತು."

ಎರಡು ಗಂಟೆಯಾಯಿತು. ಬೆಳಗಾವಿಗೆ ಕಡಿಮೆಯೆಂದರೂ ಒಂದು ಗಂಟೆಯ ಹಾದಿ. ಆಸ್ಪತ್ರೆಯಿಂದ ಸ್ಮಿತಾ ಫೋನ್ ಮಾಡಿ, ಕಾಗದಪತ್ರ ಮುಗಿಯುತ್ತಿವೆ ಎಂದಳು. ಇತ್ತ ತೊಟ್ಟಿಲಲ್ಲಿ ಮಗು ಕಣ್ಣುಜ್ಜುತ್ತಿತ್ತು, ಆಕಳಿಸುತ್ತಿತ್ತು, ಇನ್ನೇನು ರೆಪ್ಪೆ ಮುಚ್ಚಿತು ಅನ್ನುವಾಗ ಬೆಚ್ಚಿ ಕಣ್ಣು ತೆರೆಯುತ್ತಿತ್ತು. ಏನೋ ಕೇಳಿಸಿಕೊಳ್ಳಲು ಕಾದಂತೆ ಮೇಲೆ ನೋಡುತ್ತಿತ್ತು.

ಪದ್ಮಜಾ ಒಮ್ಮೆಲೇ ಎದ್ದು ಹಳೆಯ ತೊಟ್ಟಿಲನ್ನು ತೂಗಿದರು. ಕಿರ್ರ್... ಕಿರ್ರ್... ಎಂದಿತು ಸರಪಳಿ. ಓಂಕಾರ ತಲೆ ಅತ್ತ ಹೊರಳಿಸಿದ.

"ಸಪ್ಪಳ!" ಎಂದರು. "ನಮ್ಮದು ಸಪ್ಪಳ ಮಾಡಂಗಿಲ್ಲ."

ಸದ್ದಾಗಬಾರದೆಂದೇ ಅವರಿಬ್ಬರೂ ಮೂರು ದಿನ ಕೂತು ಕೊಂಡಿಗಳಿಗೆ ನೈಲಾನ್ ಬಿಲ್ಲೆ ಕೂರಿಸಿ ಗ್ರೀಸು ತುಂಬಿದ್ದರಂತೆ. ಕೂಸಿನ ನಿದ್ದೆ ಕೆಡಬಾರದೆಂದು.

"ಇಮ್ತಿಯಾಜ್, ಬಿಚ್ಚು ಅದನ್ನ."

"ಮ್ಯಾಡಂ, ಅದು ನಮ್ಮ ಕೆಲಸದಾಗಿಂದು ಎಲ್ಲಾದಕ್ಕಿಂತ ಚುಲೋ ಕೆಲಸ."

"ಬಿಚ್ಚಪಾ."

ಮನೀಷಾ ಮಗುವನ್ನು ಎತ್ತಿಕೊಂಡಳು, ಅವರು ಬಿಲ್ಲೆ ಬಿಚ್ಚಿದರು. ಗ್ರೀಸನ್ನು ತಮ್ಮ ಅಂಗಿಯ ಚುಂಗಿಗೇ ಒರೆಸಿದರು. ಕಬ್ಬಿಣಕ್ಕೆ ಕಬ್ಬಿಣ ತಾಗಿತು. ಮನೀಷಾ ಮತ್ತೆ ಮಲಗಿಸಿ ತೂಗಿದಳು. ಮೊದಲ ಕಿರ್ರ್ ಸಣ್ಣದು, ಎರಡನೆಯದು ಸರಿಯಾಗಿ ಬಂತು. ಓಂಕಾರ ಬಾಯಿಗೆ ಹೆಬ್ಬೆರಳು ಇಟ್ಟುಕೊಂಡ. ನಾವು ಯಾರೂ ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ಬೆರಳು ಬಾಯಿಂದ ಜಾರಿತು.

ಇಮ್ತಿಯಾಜ್ ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತು ಮುಖ ಒರೆಸಿಕೊಂಡರು. ಪದ್ಮಜಾ ಗೋಡೆಗೆ ಒರಗಿದರು. ಪಡಸಾಲೆಯಲ್ಲಿ ಕೊಂಡಿಯದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಅವನು ಮುಕ್ಕಾಲು ಗಂಟೆ ಮಲಗಿ ತಾನಾಗಿ ಎದ್ದ. ಮನೀಷಾ ಎತ್ತಿಕೊಂಡು ನಗತೊಡಗಿದಳು. ಕೌದಿ ತೊಯ್ದು ಹಲಸಿನ ಹಲಗೆಯ ಮೇಲೆ ನೀರು ನಿಂತಿತ್ತು. ಪಾಲೀಶು ಹೋದೀತೆಂದು ಇಮ್ತಿಯಾಜ್ ಬಟ್ಟೆ ಹುಡುಕಿದರು.

"ಒರಸಬ್ಯಾಡ್ರಿ" ಎಂದರು ಸುಮನಬಾಯಿ. "ಮುಗೀತು. ಹಳೇದಾತು."

ಆದರೆ ಖಾಲಿ ತೊಟ್ಟಿಲನ್ನು ಹಾದಿಗೆ ಕಳಿಸಲು ಅವರು ಒಪ್ಪಲಿಲ್ಲ. ಚಟ್ನಿ ಅರೆದ ಗುಂಡಕಲ್ಲನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಓಂಕಾರನ ಒಂದು ಕುಲಾಯಿ ತೊಡಿಸಿ ಕೂಸಿನಂತೆ ಮಲಗಿಸಿದರು. ನಾಮಕರಣದಲ್ಲಿ ಕೂಸಿಗಿಂತ ಮೊದಲು ತೊಟ್ಟಿಲೇರುವುದು ಈ ಕಲ್ಲೇ. "ಕಲ್ಲು ವಾಪಸ್ ಬರಬೇಕು" ಎಂದಳು ಮನೀಷಾ. "ನಮ್ಮನ್ಯಾಗ ಇರೂದ ಒಂದು." ನನ್ನ ರೈಲು ಮರುದಿನ ಇದೇ ದಾರಿಯಲ್ಲಿ ಹೋಗುತ್ತದೆ, ನಾನೇ ತರುತ್ತೇನೆ ಎಂದೆ.

ಟಿಳಕವಾಡಿ ತಲುಪಿದಾಗ ಐದಕ್ಕೆ ಸ್ವಲ್ಪ ಬಾಕಿ. ಮೂರನೇ ಅಂತಸ್ತಿಗೆ ತೊಟ್ಟಿಲು ಹೊತ್ತು ಇಳಿಸುವಷ್ಟರಲ್ಲಿ ಕೆಳಗೆ ಕಾರು ಬಂತು. ಸ್ಮಿತಾ ಮೆಟ್ಟಿಲು ಹತ್ತಿ ಬಂದಳು. ಅವಳ ಕೈಯಲ್ಲಿದ್ದ ಬಿಳಿ ಬಟ್ಟೆಯಲ್ಲಿ ಮಗು ಇದೆ ಎಂದು ನಂಬಬೇಕಿತ್ತು, ಅಷ್ಟು ಚಿಕ್ಕದು. ದೀಪ ಬೆಳಗಿ ಒಳಗೆ ಕರೆದುಕೊಂಡರು.

ಚಂಪಾಬಾಯಿ ತೊಟ್ಟಿಲಿನ ಬಳಿ ಬಂದು ಮೂಲೆಗಳನ್ನು ಮುಟ್ಟಿದರು. ಗಿಣಿಗಳಿರಲಿಲ್ಲ.

"ಇದು ನಂದಗಡದ್ದಲ್ಲ."

"ಅಲ್ಲವ್ವಾ. ಅದರಾಗ ಇನ್ನೂ ಕೂಸೈತಿ. ಇದು ನಾ ಮಾಡಿದ್ದು. ಮೊದಲ ಮಾಡಿಟ್ಟಿದ್ದೆ" ಎಂದರು ಪದ್ಮಜಾ. ಧ್ವನಿ ನೆಟ್ಟಗಿತ್ತು. ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದರು.

ಮುದುಕಿ ಕಲ್ಲಿಗೆ ತೊಡಿಸಿದ್ದ ಕುಲಾಯಿ ಮುಟ್ಟಿದರು. "ಇದರಾಗ ಯಾರು ಮಲಗಿದ್ರು?" ಎಂದರು.

"ಗುಂಜಿ ಸುಮನಬಾಯಿ ಮೊಮ್ಮಗ. ಮಲಗಿ ಎದ್ದಾನ. ತೋಯಿಸ್ಯಾನ."

ಚಂಪಾಬಾಯಿಯವರ ಬೆರಳು ಮೇಲಿನ ಪಟ್ಟಿಯ ಮೇಲೆ ನಿಧಾನವಾಗಿ ಹೋಗುತ್ತಿತ್ತು. ನಡುವೆ ಒಂದೆಡೆ ನಿಂತಿತು. ಹಿಂದೆ ಹೋಗಿ ಮತ್ತೆ ಅಲ್ಲಿಗೇ ಬಂತು. ನಾನು ಬಗ್ಗಿ ನೋಡಿದೆ. ಪಾಲೀಶಿನಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಎರಡು ಗುಳಿಗಳು. ಗುಂಜಿಯಲ್ಲಿ ನಮಗೆ ಯಾರಿಗೂ ಕಂಡಿರಲಿಲ್ಲ.

"ಕೆಳಗಿನ ಹಲ್ಲು ಎರಡ ಬಂದಾವಲ್ಲ ಅವಗ?"

"ಹೌದವ್ವಾ. ಎರಡ."

"ಗಟ್ಟಿ ಅದಾವ" ಎಂದರು ಚಂಪಾಬಾಯಿ. ನಕ್ಕರು. ಕುಲಾಯಿ ತೊಟ್ಟ ಕಲ್ಲನ್ನು ತಾವೇ ಎತ್ತಿ ಪಕ್ಕಕ್ಕಿಟ್ಟರು. "ತಾ ಸ್ಮಿತಾ. ಎಷ್ಟೊತ್ತು ಕೈಯಾಗ ಇಟ್ಕೊಂಡು ನಿಂದರತೀ?"

ಕೂಸನ್ನು ಮಲಗಿಸಿ ಅವರೇ ಹಗ್ಗ ಎಳೆದರು. ಕಿರ್ರ್ ಅಂದಿತು. ಪದ್ಮಜಾ ಅಡುಗೆಮನೆಗೆ ಹೋದವರು ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತರು. ಇಮ್ತಿಯಾಜ್ ನನ್ನ ಕಿವಿಯ ಹತ್ತಿರ ಬಂದು, "ಮೂರು ದಿನದ ಕೆಲಸ ಅಕ್ಕಾರ. ಗ್ರೀಸು ಬ್ಯಾರೆ" ಎಂದರು. ನಾವು ಹೊರಡುವಾಗ ಮಗು ನಿದ್ದೆಯಲ್ಲಿತ್ತು. ಮಧ್ಯರಾತ್ರಿಯ ಹಾಲಿಗೆ ಎಬ್ಬಿಸಬೇಕಾಯಿತು ಎಂದು ಬೆಳಿಗ್ಗೆ ಪದ್ಮಜಾ ತಿಳಿಸಿದರು. ತೊಟ್ಟಿಲಿನ ವಿಷಯ ಇನ್ನು ಬರೆಯಬಹುದು ಎಂದೂ ಅಂದರು.

ಮರುದಿನ ಎಲ್ಲ ಕಡೆ ನಿಲ್ಲುವ ಪ್ಯಾಸೆಂಜರ್ ಹಿಡಿದೆ. ಮಡಿಲಲ್ಲಿ ಗುಂಡಕಲ್ಲು, ಅದರ ಜೊತೆ ಚಂಪಾಬಾಯಿ ಕೊಟ್ಟ ಅಕ್ಕಿ, ಬೆಲ್ಲ, ಬೆಳಗಾವಿಯ ಕುಂದಾ. ಎದುರು ಕೂತವರು ಕುಲಾಯಿ ತೊಟ್ಟ ಕಲ್ಲನ್ನು ನೋಡಿ ಜಾಗ ಸರಿದು ಕೊಟ್ಟರು, ಏನೂ ಕೇಳಲಿಲ್ಲ.

ಗುಂಜಿಯಲ್ಲಿ ರೈಲು ನಿಲ್ಲುವುದು ಸ್ವಲ್ಪವೇ ಹೊತ್ತು. ಮನೀಷಾ ಪ್ಲಾಟ್‌ಫಾರ್ಮಿನಲ್ಲಿ ಕಾದಿದ್ದಳು, ಹಿಂದೆ ಮೊಮ್ಮಗನನ್ನು ಸೊಂಟದ ಮೇಲಿಟ್ಟುಕೊಂಡು ಸುಮನಬಾಯಿ. ಬಾಗಿಲಲ್ಲಿ ನಿಂತು ಕಲ್ಲು ದಾಟಿಸಿದೆ.

"ಝೋಪಲೀ ಕಾ?" ಎಂದಳು ಮನೀಷಾ. ಮಲಗಿತಾ ಎಂದು.

"ಝೋಪಲೀ" ಎಂದೆ. ನನಗೆ ಅಂದು ಬಂದ ಮರಾಠಿ ಅಷ್ಟೇ.

ಅವಳು ಕಲ್ಲನ್ನು ಎದೆಗೆ ಒತ್ತಿಕೊಂಡಳು. "ನಿನ್ನೆ ಮಧ್ಯಾಹ್ನದಿಂದ ಚಟ್ನಿ ಇಲ್ಲ ಮನ್ಯಾಗ. ನನ್ನ ಗಂಡ ಕೇಳ್ತಾರ, ಕಲ್ಲಿಗೂ ಬಾಣಂತನ ಏನು ಅಂತ." ರೈಲು ಅಲುಗಿತು. ಅವಳು ಜೊತೆಗೆ ನಾಲ್ಕು ಹೆಜ್ಜೆ ಹಾಕಿದಳು. "ಅಕ್ಕಾ, ಒಂದು ಹೇಳೂದು ಮರತೆ! ನಿಮ್ಮ ಟೆಂಪೋ ರಸ್ತೆಗೆ ಹತ್ತಿತ್ತೋ ಇಲ್ಲೋ, ಇಂವ ಕೋಳಿ ಹಿಂದ ಹೋಗಿ ಉಂಬರಾ ದಾಟಿಬಿಟ್ಟ! ತಾನ!"

ಸುಮನಬಾಯಿ ನಗುತ್ತ ಓಂಕಾರನ ಕೈ ಹಿಡಿದು ನನ್ನತ್ತ ಬೀಸಿಸಿದರು. ಅವನು ಎಂಜಿನ್ನಿನ ಕಡೆ ನೋಡುತ್ತಿದ್ದ. ಹಳದಿ ಫಲಕ ಹಿಂದೆ ಸರಿಯಿತು. ಹೆಂಚಿನ ಮನೆ, ತೆರೆದ ಬಾಗಿಲು, ಬಣವೆ. ಆಮೇಲೆ ಕಾಡು.

ಮನೀಷಾ ಕೊನೆಗೆ ಕೂಗಿ ಹೇಳಿದ್ದು ಬೇಕಾದವರಿಗೆ ತಿಳಿಸಿ ಎಂದು. ತಿಳಿಸುತ್ತಿದ್ದೇನೆ. ಗುಂಜಿಯಲ್ಲಿ ಒಂದು ಹಳೆಯ ತೊಟ್ಟಿಲು ಬಿಡುವಾಗಿದೆ. ಖುದ್ದಾಗಿ ಹೋಗಿ ಕೇಳಬೇಕು. ಬರಿಗೈಯಲ್ಲಿ ಹೋಗಬಾರದು.